ಬೈಸಿಕೊಂಡದ್ದು ಸ್ಟೀರಿಂಗ್ ಬಾಕ್ಸ್

ಸ್ಯಾಕ್ರಮೆಂಟೊ ದಾಟಿ ಹೈವೇ 99ರಲ್ಲಿ ಗಂಟೆಗೆ 55 ಮೈಲಿ ಮುಟ್ಟಿದರೆ ಸಾಕು, ನನ್ನ ಎರಡು ಬಾಗಿಲಿನ ಕೂಪ್ ಕಾರು ಕುಡಿದವನ ಹಾಗೆ ಈ ಗೆರೆಯಿಂದ ಆ ಗೆರೆಗೆ ಓಲಾಡುತ್ತಿತ್ತು. 1931ರ ಫೋರ್ಡ್ ಮಾಡೆಲ್ ಎ. ಕಾರ್ಖಾನೆಯಿಂದ ಬಂದಾಗ ಇದ್ದದ್ದು 40 ಅಶ್ವಶಕ್ತಿ. ಈಗ ಒಳಗಿರುವುದು ಶೆವ್ರೊಲೆ 350 ವಿ8 ಎಂಜಿನ್. ಹಳೇ ಕಾರಿಗೆ ಹೀಗೆ ದೊಡ್ಡ ಎಂಜಿನ್ ಕೂರಿಸಿದ್ದನ್ನೇ ಹಾಟ್ ರಾಡ್ ಅನ್ನುವುದು. ಮುಂಭಾಗ ಮಾತ್ರ ಹಳೇ ಕಾಲದ್ದೇ: ಎತ್ತಿನ ಗಾಡಿಯ ಅಚ್ಚಿನ ಹಾಗೆ ಒಂದೇ ಕಬ್ಬಿಣದ ಆಕ್ಸಲ್, ಅದರ ಮೇಲೆ ಅಡ್ಡಕ್ಕೆ ಒಂದೇ ಲೀಫ್ ಸ್ಪ್ರಿಂಗ್.

ಮೊದಲು ಬೈದದ್ದು ಸ್ಟೀರಿಂಗ್ ಬಾಕ್ಸನ್ನು, ಅಂದರೆ ಸ್ಟೀರಿಂಗಿನ ತಿರುವನ್ನು ಗಾಲಿಗಳ ಕಡೆಗೆ ದಾಟಿಸುವ ಗೇರಿನ ಪೆಟ್ಟಿಗೆಯನ್ನು. ಹಿಂದಿನ ಮಾಲೀಕರು 1970ರ ದಶಕದ ಶೆವ್ರೊಲೆ ವೇಗಾದ ಬಾಕ್ಸ್ ಕೂರಿಸಿದ್ದರು. ಅದರ ಮೇಲಿನ ಸ್ಕ್ರೂ ಬಿಗಿ ಮಾಡಿದೆ. ಪ್ಲೇ, ಅಂದರೆ ಸಡಿಲ, ಕಮ್ಮಿಯಾಯಿತು, ಆದರೆ ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಬರುವುದೂ ನಿಂತುಹೋಯಿತು. ಹೊಸ ಬಾಕ್ಸನ್ನೇ ತಂದು ಹಾಕಿದೆ. ದುಡ್ಡು ದಂಡ, ಓಲಾಟ ಹಾಗೇ.

ಆಗ ನೆನಪಾದದ್ದು ಸಕಲೇಶಪುರದಲ್ಲಿ ಸೋದರಮಾವನ ಜೀಪು ಬಿಚ್ಚುತ್ತಿದ್ದ ಮೇಸ್ತ್ರಿ. "ಸ್ಟೇರಿಂಗ್ ಆಮೇಲ್ ನೋಡಾಣ ಕಣಪ್ಪ, ಮೊದ್ಲು ಗಾಲಿ ಅಲ್ಲಾಡ್ಸು" ಅನ್ನುತ್ತಿದ್ದರು. ಜಾಕ್ ಕೊಟ್ಟು ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದೆ: ಲೊಟಕ್. ಹೆಂಡತಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿದೆ. ಆಗಲೂ ಲೊಟಕ್. ಬೇರಿಂಗಿನ ಸಡಿಲವಾಗಿದ್ದರೆ ಬ್ರೇಕ್ ಹಿಡಿದಾಗ ನಿಲ್ಲಬೇಕಿತ್ತು. ಅಂದರೆ ಬೇರಿಂಗಿನ ತಪ್ಪಲ್ಲ, ಗಾಲಿ ಎಡಬಲ ತಿರುಗುವ ಗೂಟದ, ಅಂದರೆ ಕಿಂಗ್‌ಪಿನ್ನಿನ, ಬುಶ್ ಸವೆದಿದೆ. ಎರಡೂ ಕಡೆ ಹೊಸದು ಹಾಕಿಸಿದೆ.

ಅವಳು ಸೀಟಿನಲ್ಲಿ ಇದ್ದಾಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಕಾರು ನಿಂತಲ್ಲೇ ಸ್ಟೀರಿಂಗ್ ಆಚೆ ಈಚೆ ತಿರುಗಿಸು ಎಂದು ನಾನು ಮುಂದೆ ಕೂತು ನೋಡುತ್ತಿದ್ದೆ. "ರೀ, ಇನ್ನೂ ಎಷ್ಟ್ ಸಲ?" ಅಂದಳು. ನಾನು ಉತ್ತರ ಕೊಡಲಿಲ್ಲ, ಯಾಕೆಂದರೆ ಗಾಲಿ ತಿರುಗುವ ಮೊದಲು ಇಡೀ ಫ್ರೇಮೇ ಪಕ್ಕಕ್ಕೆ ಜರುಗುತ್ತಿತ್ತು! ಅಡ್ಡ ಸ್ಪ್ರಿಂಗ್ ಎರಡು ಶ್ಯಾಕಲ್‌ಗಳಲ್ಲಿ, ಅಂದರೆ ತೂಗುಕೊಂಡಿಗಳಲ್ಲಿ, ಜೋತಾಡುತ್ತದೆ, ಉಯ್ಯಾಲೆಯ ಹಾಗೆ. ಮಾಡೆಲ್ ಎಯ ಮೂಲ ಸ್ಟೀರಿಂಗಿನಲ್ಲಿ ಬಾಕ್ಸಿನಿಂದ ಗಾಲಿಗೆ ಹೋಗುವ ಸರಳು, ಡ್ರ್ಯಾಗ್ ಲಿಂಕ್, ಹಿಂದೆ ಮುಂದೆ ಚಲಿಸುತ್ತದೆ, ಅದಕ್ಕೆ ಈ ಜೋಲಿ ಅಷ್ಟು ತಟ್ಟುವುದಿಲ್ಲ. ವೇಗಾ ಬಾಕ್ಸಿನ ಲಿಂಕ್ ಎಡಗಡೆಯ ಫ್ರೇಮಿನಿಂದ ಬಲಗಾಲಿಗೆ ಅಡ್ಡಡ್ಡ ಹೋಗುತ್ತದೆ. ಬಾಡಿ ಕಾಲಿಂಚು ಪಕ್ಕಕ್ಕೆ ಸರಿದರೂ ಗಾಲಿ ತಿರುಗಿಬಿಡುತ್ತದೆ. ಲಾರಿ ಪಕ್ಕದಲ್ಲಿ ಹಾದಾಗಲೆಲ್ಲ ಗಾಳಿಯೇ ನನ್ನ ಕಾರು ಓಡಿಸುತ್ತಿತ್ತು.

ಇದಕ್ಕೆ ಬೇಕಿದ್ದದ್ದು ಒಂದು ಪ್ಯಾನ್‌ಹಾರ್ಡ್ ರಾಡ್, ಫ್ರೇಮ್ ಪಕ್ಕಕ್ಕೆ ಜರುಗದ ಹಾಗೆ ಹಿಡಿಯುವ ಸರಳು. ಎಡಫ್ರೇಮಿನಿಂದ ಆಕ್ಸಲಿನ ಬಲಕ್ಕೆ, ಡ್ರ್ಯಾಗ್ ಲಿಂಕಿಗೆ ಸಮಾನಾಂತರವಾಗಿ, ಆದಷ್ಟು ಅದರಷ್ಟೇ ಉದ್ದ. ಗಿಡ್ಡ ಮಾಡಿದರೆ ಎರಡರ ಕಮಾನು ಬೇರೆಯಾಗಿ, ಗುಂಡಿಗೆ ಇಳಿದಾಗೆಲ್ಲ ಕಾರು ಪಕ್ಕಕ್ಕೆ ಎಳೆಯುತ್ತದೆ. ನಾನು ಮೊದಲು ಮಾಡಿದ್ದು ಗಿಡ್ಡದ್ದೇ; ಬ್ರ್ಯಾಕೆಟ್ ಕತ್ತರಿಸಿ ಮತ್ತೆ ವೆಲ್ಡ್ ಮಾಡಿದೆ.

ಉಳಿದದ್ದು ಕ್ಯಾಸ್ಟರ್, ಅಂದರೆ ಕಿಂಗ್‌ಪಿನ್ನಿನ ಓರೆ. ಕೈ ಬಿಟ್ಟು ಸೈಕಲ್ ಹೊಡೆದವರಿಗೆ ಇದು ಗೊತ್ತು: ಮುಂದಿನ ಫೋರ್ಕ್ ಓರೆಯಾಗಿರುವುದು ಗಾಲಿ ನೇರ ಹೋಗುವುದಕ್ಕೆ ದೊಡ್ಡ ಆಸರೆ. ಕಿಂಗ್‌ಪಿನ್ನಿಗೂ ಹಾಗೇ ಹಿಂದಕ್ಕೆ ಓರೆ ಬೇಕು. ಗೇಜಿನಲ್ಲಿ ನೋಡಿದರೆ ನನ್ನದರಲ್ಲಿ ಎರಡು ಡಿಗ್ರಿಯೂ ಇರಲಿಲ್ಲ. ಕಾರಣ ಹಾಟ್ ರಾಡಿನ ಶೋಕಿಯಲ್ಲೇ ಇತ್ತು! ಹಿಂದೆ ದಪ್ಪ ಟೈರು, ಮುಂದೆ ತಗ್ಗು. ಫ್ರೇಮ್ ಮುಂದಕ್ಕೆ ಬಾಗಿದಷ್ಟೂ ಕ್ಯಾಸ್ಟರ್ ಕಳೆದುಹೋಗುತ್ತದೆ. ಅದಕ್ಕೇ ಇದನ್ನು ಕಾರು ತನ್ನ ಗಾಲಿಗಳ ಮೇಲೆ ನಿಂತಾಗ ಅಳೆಯಬೇಕು. ಆಕ್ಸಲನ್ನು ಫ್ರೇಮಿಗೆ ಹಿಡಿದಿಡುವ ಹೇರ್‌ಪಿನ್ ರಾಡುಗಳ ಮೇಲ್ಗಡೆಯ ಕ್ಲೆವಿಸನ್ನು, ಅಂದರೆ ತಿರುಪಿನ ಕೊಂಡಿಯನ್ನು, ಎರಡೂ ಕಡೆ ಸಮನಾಗಿ ಒಳಕ್ಕೆ ತಿರುಗಿಸುತ್ತಾ ಆರೂವರೆ ಡಿಗ್ರಿಗೆ ತಂದೆ. ಆಮೇಲೆ ಟೋ-ಇನ್, ಅಂದರೆ ಗಾಲಿಗಳ ಮುಂಭಾಗ ಒಳಕ್ಕೆ ವಾಲುವುದು; ಟೇಪ್ ಹಿಡಿದು, ಒಂದಿಂಚಿನ ಎಂಟನೇ ಒಂದು ಭಾಗ.

ಹೊಸ ಬಾಕ್ಸನ್ನೂ ಸರಿಯಾಗಿ ಕೂರಿಸಿರಲಿಲ್ಲ ನಾನು. ಈ ಬಾಕ್ಸುಗಳಿಗೆ ನಟ್ಟನಡುವೆ ಮಾತ್ರ ಬಿಗಿ. ಕೊನೆಯಿಂದ ಕೊನೆಗೆ ಸುತ್ತು ಎಣಿಸಿ, ಅರ್ಧಕ್ಕೆ ನಿಲ್ಲಿಸಿ, ಗಾಲಿ ನೇರ ಇಟ್ಟು ಲಿಂಕ್ ಜೋಡಿಸಿದೆ.

ಈಗ 70ರಲ್ಲೂ ಎರಡು ಬೆರಳು ಸಾಕು. ನಡುಕ ಮುಚ್ಚಲು ಯಾರೋ ಹಾಕಿದ್ದ ಡ್ಯಾಂಪರ್ ಗ್ಯಾರೇಜಿನ ಶೆಲ್ಫ್ ಸೇರಿದೆ. ಪಾರ್ಕಿಂಗಿನಲ್ಲಿ ಮಾತ್ರ ಅಷ್ಟು ಕ್ಯಾಸ್ಟರಿಗೆ ತೆರಿಗೆ ಕಟ್ಟಲೇಬೇಕು, ಬೀಸುಕಲ್ಲು ತಿರುಗಿಸಿದ ಹಾಗೆ. ಅಂಗಡಿ ಮುಂದೆ ನಿಲ್ಲಿಸುವ ಕೆಲಸ ಬಂದರೆ ಹೆಂಡತಿ ಹೊಂಡಾ ಕೀಲಿ ಎತ್ತಿಕೊಳ್ಳುತ್ತಾಳೆ.