ಮೊದಲ ಮಳೆಗೆ ಕಬಿನಿ ಸಫಾರಿ: ಯಾವಾಗ ಹೋಗಬೇಕು, ಏನು ನೋಡಬೇಕು

ಮಳೆ ಶುರುವಾದ ಮೇಲೆ ಕಾಡಲ್ಲಿ ಏನೂ ಕಾಣಲ್ಲ ಅನ್ನುವವರೇ ಜಾಸ್ತಿ. ಪೂರ್ತಿ ಸುಳ್ಳೇನಲ್ಲ. ಆದರೆ ರೋಹಿಣಿ, ಮೃಗಶಿರಾ ಮಳೆ ಹೊತ್ತಿಗೆ, ಅಂದರೆ ಮೇ ಕೊನೆಯಿಂದ ಜೂನ್ ಮೂರನೇ ವಾರದೊಳಗೆ ಹೋಗುವುದಾದರೆ ಬೇಸಿಗೆಯಲ್ಲಿ ನೋಡಿದ ಹಾಗೆ ನೋಡಬೇಡಿ, ಅಷ್ಟೇ.

ಆನೆ ಹಿಂಡು ನೋಡಬೇಕಿದ್ದರೆ ತಡ ಮಾಡಬೇಡಿ. ಬೇಸಿಗೆಯಲ್ಲಿ ಕಬಿನಿ ಜಲಾಶಯದ ಹಿನ್ನೀರು ಇಳಿದು, ಬಯಲಾದ ನೆಲದಲ್ಲಿ ಹುಲ್ಲು ಚಿಗುರುತ್ತದೆ. ಅದನ್ನು ಹುಡುಕಿಕೊಂಡು ಸುತ್ತಮುತ್ತಲ ಕಾಡಿನ ಆನೆಗಳೆಲ್ಲ ಬಂದು ಸೇರುತ್ತವೆ. ಮಳೆ ಹಿಡಿದರೆ ಕಾಡೊಳಗೇ ಹುಲ್ಲು, ಗುಂಡಿಗುಂಡಿಯಲ್ಲೂ ನೀರು, ಇನ್ನು ದಡಕ್ಕೇಕೆ ಬರುತ್ತವೆ ಹೇಳಿ? ಮೇಲಾಗಿ ಕಬಿನಿಗೆ ನೀರು ಬರುವುದು ವಯನಾಡಿನಿಂದ. ಅಲ್ಲಿ ಸುರಿದರೆ, ಇಲ್ಲಿ ಹನಿ ಬೀಳದಿದ್ದರೂ ಹಿನ್ನೀರು ಏರಿ ಆ ಹುಲ್ಲೆಲ್ಲ ಮುಳುಗುತ್ತದೆ. ಹಾಗಾಗಿ ಒಂದೆರಡು ಒಳ್ಳೆ ಮಳೆ ಬಿದ್ದು, ಮುಂಗಾರು ಇನ್ನೂ ಜೋರಾಗದ ವಾರ ಸಿಕ್ಕರೆ ಬಿಡಬೇಡಿ. ಹೊರಡುವ ಮುಂಚೆ ಸಫಾರಿ ನಡೆಯುತ್ತಿದೆಯಾ ಅಂತ ಒಂದು ಫೋನ್ ಮಾಡಿ. ಮಳೆಗೋ ಬೇರೆ ಕಾರಣಕ್ಕೋ ನಿಲ್ಲಿಸುವುದುಂಟು.

ಆನೆಗೆ ಬೋಟ್ ಒಳ್ಳೆಯದು. ಹತ್ತಿರ ಸಿಕ್ಕರೆ ಸೊಂಡಿಲನ್ನೇ ನೋಡುತ್ತಿರಿ. ಹುಲ್ಲನ್ನು ಬುಡಸಮೇತ ಕಿತ್ತು, ಮುಂಗಾಲಿಗೆ ಪಟಪಟ ಬಡಿದು ಮಣ್ಣು ಉದುರಿಸಿ ಆಮೇಲೆ ಬಾಯಿಗೆ ಇಡುತ್ತದೆ. ನೆಲ ಒದ್ದೆಯಾದಾಗ ಮಣ್ಣು ಬೇರಿಗೆ ಅಂಟಿಕೊಂಡಿರುತ್ತದಲ್ವಾ, ಸೊಪ್ಪು ತೊಳೆಯುವ ಅಜ್ಜಿಯಷ್ಟೇ ತಾಳ್ಮೆಯಿಂದ ಮತ್ತೆ ಮತ್ತೆ ಬಡಿಯುತ್ತದೆ.

ಹುಲಿ, ಚಿರತೆಗೆ ಜೀಪೇ ಬೇಕು. ಮಳೆಗೆ ಲಂಟಾನ ಪೊದೆ ಗೋಡೆ ಹಾಗೆ ಬೆಳೆದು ನಿಲ್ಲುತ್ತದೆ, ಅದರೊಳಗೆ ಕಣ್ಣು ಹಾಯಿಸಿ ಸುಸ್ತಾಗಬೇಡಿ. ಕಿವಿ ಕೊಡಿ. ಜಿಂಕೆಯ ಚೂಪು ಕೂಗು, ಮರದ ಮೇಲಿಂದ ಮುಸಿಯನ (ಕಪ್ಪು ಮುಖದ ಕೋತಿ) ಕೆಮ್ಮಿನಂಥ ಸದ್ದು ಬಿಡದೆ ಕೇಳಿದರೆ ಜೀಪು ನಿಲ್ಲಿಸಿ ಕಾಯಿರಿ. ಮಳೆ ನಿಂತ ತಕ್ಷಣ ರಸ್ತೆ ನೋಡಿ, ಪೊದೆ ತೊಟ್ಟಿಕ್ಕುವಾಗ ಹುಲಿ, ಚಿರತೆ ಮೈ ಒದ್ದೆಯಾಗದಂತೆ ರಸ್ತೆಯಲ್ಲೇ ನಡೆದು ಬರುವುದುಂಟು. ಹೆಜ್ಜೆ ಗುರುತಿನಲ್ಲಿ ಹನಿ ಬಿದ್ದ ಚುಕ್ಕಿಗಳಿದ್ದರೆ ಮಳೆಗೆ ಮುಂಚೆ ಹೋಗಿದೆ. ಅಂಚು ಚೊಕ್ಕವಾಗಿದ್ದರೆ ಮಳೆ ನಿಂತ ಮೇಲೆ ಹೋಗಿದೆ, ಇಲ್ಲೇ ಎಲ್ಲೋ ಇರಬಹುದು.

ಹುಲಿ ಸಿಗದಿದ್ದರೂ ಹುತ್ತ ಕಂಡಲ್ಲಿ ಸ್ವಲ್ಪ ನಿಲ್ಲಿಸಲು ಹೇಳಿ. ಮೊದಲ ಮಳೆಗೆ ಈಚಲು, ಅಂದರೆ ರೆಕ್ಕೆ ಬಂದ ಗೆದ್ದಲು ಏಳುತ್ತವೆ, ಕಾಜಾಣ, ಕಳ್ಳಿಪೀರ ಹಕ್ಕಿಗಳು ಗಾಳಿಯಲ್ಲೇ ಹಿಡಿದು ನುಂಗುತ್ತವೆ. ತಲೆ ಮೇಲೆ ಜುಟ್ಟಿರುವ ಕಪ್ಪು ಬಿಳುಪು ಹಕ್ಕಿ ಕಂಡರೆ ಅದೇ ಚಾತಕ. ನವಿಲು ಗರಿ ಬಿಚ್ಚುವುದೂ ಈಗಲೇ.

ಇನ್ನು ಸಾಮಾನು. ಪ್ಲಾಸ್ಟಿಕ್ ರೇನ್‌ಕೋಟ್ ಬೇಡ, ಅಲುಗಾಡಿದರೆ ಸರಸರ ಸದ್ದು. ಮಂಕು ಬಣ್ಣದ ಬಟ್ಟೆ ಜಾಕೆಟ್ ಸಾಕು. ಬೆಳಕು ಕಮ್ಮಿ, ಕ್ಯಾಮೆರಾದ ಐಎಸ್ಓ (ಬೆಳಕಿಗೆ ಎಷ್ಟು ಸ್ಪಂದಿಸಬೇಕೆನ್ನುವ ಸೆಟ್ಟಿಂಗ್) 1600, 3200ಕ್ಕೆ ಏರಿಸಲು ಹೆದರಬೇಡಿ. ಕ್ಯಾಮೆರಾ ಅಲುಗಾಡದಂತೆ ಅಡಿಗೆ ಇಡುವ ಚೀಲಕ್ಕೆ (ಬೀನ್ ಬ್ಯಾಗ್) ಅಕ್ಕಿ ತುಂಬಿದ್ದರೆ ಅದನ್ನೂ ನೆನೆಯದಂತೆ ನೋಡಿಕೊಳ್ಳಿ. ಕ್ಯಾಮೆರಾವನ್ನು ರಾತ್ರಿ ಎಸಿ ರೂಮಿನಲ್ಲಿ ಮಾತ್ರ ಇಡಬೇಡಿ. ಒಂದು ಸಲ ನಾನು ಇಟ್ಟಿದ್ದೆ. ಬೆಳಿಗ್ಗೆ ಗೇಟು ದಾಟಿ ಹತ್ತು ನಿಮಿಷಕ್ಕೆ ಚಿರತೆ, ರಸ್ತೆ ಪಕ್ಕದ ಮರದಲ್ಲೇ! ತಣ್ಣಗಾಗಿದ್ದ ಲೆನ್ಸ್ ಮೇಲೆ ಹೊರಗಿನ ತೇವಕ್ಕೆ ಹಬೆ ಕಟ್ಟಿತ್ತು. ಒರೆಸಿದೆ, ಮತ್ತೆ ಕಟ್ಟಿತು. ನನ್ನ ಹತ್ತಿರ ಆ ಚಿರತೆಯ ಹನ್ನೊಂದು ಫೋಟೋ ಇವೆ, ಎಲ್ಲದರಲ್ಲೂ ಬರೀ ಬಿಳಿ ಮಂಜು.