ಕುತ್ತಿಗೆಯ ಗಂಟು: ಬೆರಳು ಎಲ್ಲಿಂದ ಹೊರಡಬೇಕು

"ಕುತ್ತಿಗ್ಯಾಗ ಗಂಟ ಆಗೇತ್ರಿ" ಅಂತ ಬಂದವರು ನೇರ ಗಂಟಿನ ಮೇಲೇ ಬೆರಳಿಟ್ಟು ತೋರಿಸುತ್ತಾರೆ. ಬಾಗಲಕೋಟೆಯ ನನ್ನ ಓಪಿಡಿಯಲ್ಲಿ ನಾನು ಅದನ್ನು ಮುಟ್ಟುವುದು ಕೊನೆಗೆ. ಮೊದಲು ಕ್ರೈಕಾಯ್ಡ್, ಅಂದರೆ ಗಂಟಲಮಣಿಯ ಕೆಳಗಿನ ಮೃದ್ವಸ್ಥಿಯ ಉಂಗುರ, ಕೈಗೆ ಸಿಗಬೇಕು.

ಗಂಡಸರಲ್ಲಿ ಇದು ಸಲೀಸು. ಗಂಟಲಮಣಿಯಿಂದ ಕೆಳಗೆ ಜಾರಿದರೆ ಸಣ್ಣ ತಗ್ಗು, ಅದರ ಕೆಳಗೆ ಗಟ್ಟಿ ಉಂಗುರ. ಹೆಣ್ಣುಮಕ್ಕಳಲ್ಲಿ, ಅದರಲ್ಲೂ ದಪ್ಪ ಕುತ್ತಿಗೆಯವರಲ್ಲಿ, ಮೇಲಿನಿಂದ ಇಳಿದರೆ ನಾಲಿಗೆಯ ಬುಡದ ಹೈಯಾಯ್ಡ್ ಎಲುಬೇ ಗಂಟಲಮಣಿಯಂತೆ ತೋರಬಹುದು. ಅದಕ್ಕೇ ನಾನು ಎದೆಯೆಲುಬಿನ ಮೇಲಿನ ತಗ್ಗಿನಿಂದ ಮೇಲಕ್ಕೆ ಹತ್ತುತ್ತೇನೆ. ಶ್ವಾಸನಾಳದ ಉಂಗುರಗಳಿಗಿಂತ ದಪ್ಪಗೆ, ಮುಂದೆ ಉಬ್ಬಿ ಸಿಗುವುದೇ ಕ್ರೈಕಾಯ್ಡ್. ಇದು ಕುತ್ತಿಗೆಯ 6ನೇ ಕಶೇರುವಿನ (ಬೆನ್ನೆಲುಬಿನ ಮಣಿಯ) ಮಟ್ಟ. ಶ್ವಾಸನಾಳ, ಅನ್ನನಾಳ ಎರಡೂ ಇಲ್ಲಿಂದಲೇ ಶುರು. ಅದರ ಮೇಲಿನ ತಗ್ಗು, ಉಸಿರುಕಟ್ಟಿ ಟ್ಯೂಬೂ ಹೋಗದಾಗ ತೂತು ಮಾಡಿ ಗಾಳಿ ಕೊಡುವ ಜಾಗ. ಹೌಸ್ ಸರ್ಜನ್ನರಿಗೆ (ತರಬೇತಿಯಲ್ಲಿರುವ ಹೊಸ ಡಾಕ್ಟರುಗಳಿಗೆ) ಒಬ್ಬರ ಕುತ್ತಿಗೆಯಲ್ಲಿ ಇನ್ನೊಬ್ಬರು ಅದನ್ನು ಹುಡುಕಲು ಹಚ್ಚುತ್ತೇನೆ. ರೋಗಿ ನೀಲಿಗಟ್ಟಿದಾಗ ಹುಡುಕುತ್ತ ಕೂರಲಾಗದು.

ಆಮೇಲೆ ಹಿಂದೆ ನಿಂತು, "ಅಕ್ಕಾರ, ಒಂದ್ ಗುಟುಕು ನೀರ್ ಕುಡೀರಿ" ಅನ್ನುತ್ತೇನೆ. ಬರೀ "ನುಂಗ್ರಿ" ಅಂದರೆ ಒಣಗಿದ ಬಾಯಲ್ಲಿ ಏನು ನುಂಗಿಯಾರು? ಟೇಬಲ್ ಮೇಲೆ ನೀರಿನ ಲೋಟ ಇರಲೇಬೇಕು. ನುಂಗುವಾಗ ಗಂಟು ಮೇಲೆದ್ದರೆ ಸಾಮಾನ್ಯವಾಗಿ ಥೈರಾಯ್ಡ್‌ನದು. ನಡುಮಧ್ಯದ ಗಂಟು ನಾಲಿಗೆ ಚಾಚಿದಾಗಲೂ ಏರಿದರೆ ಥೈರೋಗ್ಲಾಸಲ್ ಸಿಸ್ಟ್ (ಥೈರಾಯ್ಡ್ ಹುಟ್ಟುವಾಗ ಇಳಿದ ದಾರಿಯಲ್ಲಿ ಉಳಿದ ನೀರುಗುಳ್ಳೆ) ನೆನಪಾಗಬೇಕು.

ಪಕ್ಕದ ಗಂಟಾದರೆ ಗದ್ದಕ್ಕೆ ನನ್ನ ಅಂಗೈ ಒಡ್ಡಿ, ಅದರ ವಿರುದ್ಧ ಮುಖ ತಿರುಗಿಸಲು ಹೇಳುತ್ತೇನೆ. ಕಿವಿಯ ಹಿಂದಿನಿಂದ ಎದೆಯೆಲುಬಿಗೆ ಇಳಿಯುವ ಸ್ಟರ್ನೋಮ್ಯಾಸ್ಟಾಯ್ಡ್ ಸ್ನಾಯು ಬಿಗಿಯಾಗುತ್ತದೆ. ಅದರಡಿಯ ಗಂಟು ಮರೆಯಾಗುತ್ತದೆ, ಮೇಲಿನದು ಹಾಗೇ ಉಳಿಯುತ್ತದೆ. ಥೈರಾಯ್ಡ್ ಕಾರ್ಟಿಲೇಜಿನ (ಗಂಟಲಮಣಿಯ ಮೃದ್ವಸ್ಥಿಯ) ಮೇಲಂಚಿನ ಸಮಕ್ಕೆ, ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ರಕ್ತನಾಳ ಕವಲೊಡೆಯುತ್ತದೆ. ಅಲ್ಲಿ ನಾಡಿಯಂತೆ ಮಿಡಿಯುವ ಗಂಟಿಗೆ ಸ್ಕ್ಯಾನ್ ಇಲ್ಲದೆ ಸೂಜಿ ಚುಚ್ಚುವುದಿಲ್ಲ. ಎರಡೂ ಕಡೆಯ ಕ್ಯಾರೋಟಿಡ್ ಒಟ್ಟಿಗೆ ಒತ್ತುವುದಂತೂ ಬೇಡವೇ ಬೇಡ. ಸ್ನಾಯುವಿನ ಹಿಂದಿನ ತ್ರಿಕೋನದಲ್ಲಿ ಭುಜ ಎತ್ತುವ ಸ್ನಾಯುವಿಗೆ ಹೋಗುವ ಆಕ್ಸೆಸರಿ ನರ ಚರ್ಮಕ್ಕೆ ತೀರ ಹತ್ತಿರ. ಸಣ್ಣ ಬಯಾಪ್ಸಿ ಅಂತ ಅವಸರದಲ್ಲಿ ಕೊಯ್ದು ಅದು ತುಂಡಾದರೆ, ಆಮೇಲೆ ಕೈಯೆತ್ತಿ ತಲೆ ಬಾಚುವುದೂ ಕಷ್ಟ.

ನಮ್ಮ ಕಡೆ ತಂಬಾಕು, ಗುಟ್ಕಾ ದವಡೆಗಿಟ್ಟುಕೊಳ್ಳುವವರು ಬಹಳ. ದವಡೆಯ ಕೆಳಗೆ ಗಟ್ಟಿ ಗಂಟು ಸಿಕ್ಕರೆ, ಬಾಯಿಯ ಕ್ಯಾನ್ಸರ್ ಹರಡಿರಬಹುದೆಂದು ಟಾರ್ಚ್ ಹಿಡಿದು ಬಾಯಿ ತೆರೆಸುತ್ತೇನೆ; ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ನಾಲಿಗೆಯ ಅಡಿ ನೋಡದೆ ಬಿಡುವುದಿಲ್ಲ. ಎಡ ಕಾಲರ್‌ಬೋನಿನ ಮೇಲೆ ಸಿಕ್ಕರೆ ಹೊಟ್ಟೆಯ ಕ್ಯಾನ್ಸರ್ ಅಲ್ಲಿಗೆ ಹರಡಿರಬಹುದು; ಅದಕ್ಕೇ ಊಟ ಸೇರುತ್ತದೆಯೇ, ತೂಕ ಇಳಿದಿದೆಯೇ ಎಂದು ಕೇಳಿ, ಮಲಗಿಸಿ ಹೊಟ್ಟೆ ಪರೀಕ್ಷಿಸುತ್ತೇನೆ.