ಬಾಗಿಲು ಬಡಿದರೆ ಹಾಡುವ ಸ್ಪೀಕರ್

ನಮ್ಮ ಮನೆಯ ಕಾರು 2005ರದ್ದು. ಅಪ್ಪ ತೆಗೆದುಕೊಂಡಿದ್ದು. ಕಿಟಕಿ ಗಾಜನ್ನು ಕೈಯಲ್ಲಿ ತಿರುಗಿಸಿಯೇ ಇಳಿಸಬೇಕು. ಎಸಿ ಹಾಕಿದರೆ ಏರಿನಲ್ಲಿ ಏದುಸಿರು ಬಿಡುತ್ತದೆ. ಆದರೂ ಮಾರೋಕೆ ಮನಸ್ಸಿಲ್ಲ. ತಿಂಗಳಿಗೊಮ್ಮೆ ಬೆಂಗಳೂರಿನಿಂದ ಹಾಸನಕ್ಕೆ ಹೋಗಿ ಬರೋದು ಇದರಲ್ಲೇ.

ಡ್ರೈವರ್ ಕಡೆ ಬಾಗಿಲಿನ ಸ್ಪೀಕರ್ ಒಂದು ದಿನ ಆಟ ಶುರು ಮಾಡಿತು. ನೆಲಮಂಗಲ ದಾಟುವ ತನಕ ಚೆನ್ನಾಗಿ ಹಾಡುತ್ತದೆ. ಕುಣಿಗಲ್ ಹತ್ತಿರ ಒಂದು ಹಂಪ್ ಹಾರಿಸಿದರೆ ಸದ್ದಡಗುತ್ತದೆ. ಯಡಿಯೂರಿನಲ್ಲಿ ಕಾಫಿಗೆ ಇಳಿದು, ವಾಪಸ್ ಹತ್ತಿ ಬಾಗಿಲು ಬಡಿದರೆ ಮತ್ತೆ ಜೀವ! ಅಪರೂಪಕ್ಕೆ ಇನ್ನೊಂದು ವಿಚಿತ್ರ ಆಗುತ್ತಿತ್ತು. ನಾಲ್ಕೂ ಸ್ಪೀಕರ್ ಒಟ್ಟಿಗೆ ನಿಂತುಬಿಡುತ್ತಿದ್ದವು. ಡ್ಯಾಶ್‌ಬೋರ್ಡಿನ ಸ್ಟೀರಿಯೋ ಸೆಟ್‌ನ ದೀಪ ಉರಿಯುತ್ತಿದೆ, ಹಾಡಿನ ಹೆಸರು ಓಡುತ್ತಿದೆ, ಸದ್ದು ಮಾತ್ರ ಇಲ್ಲ. ಆಫ್ ಮಾಡಿ ಆನ್ ಮಾಡಿದರೆ ಸರಿ.

ನಾನು ಇವೆರಡನ್ನೂ ಬೇರೆ ಬೇರೆ ತೊಂದರೆ ಅಂದುಕೊಂಡೆ. ದಾರಿ ತಪ್ಪಿದ್ದು ಅಲ್ಲೇ.

ಮೊದಲು ಮಾಡಿದ್ದು ಎಲ್ಲರೂ ಮಾಡೋ ಕೆಲಸ. ಜೆ.ಸಿ. ರಸ್ತೆಗೆ ಹೋಗಿ ಹೊಸ ಸ್ಪೀಕರ್ ಜೋಡಿ ಹಾಕಿಸಿಕೊಂಡು ಬಂದೆ. ಹತ್ತು ದಿನ ಚೆನ್ನಾಗಿತ್ತು. ಹನ್ನೊಂದನೇ ದಿನ ಅದೇ ರಾಗ. ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಕೇಳಿ, "ಸೆಟ್ಟೇ ಹೋಗಿದೆ ಸಾರ್, ಹೊಸದು ಹಾಕ್ಸಿಬಿಡಿ" ಅಂದರು. ಅವರ ಮುಂದೆ ಹಾಕಿದಾಗ ಅದು ಅಚ್ಚುಕಟ್ಟಾಗಿ ಹಾಡುತ್ತಿತ್ತು. ಬಂದು ಹೋಗೋ ಕಾಯಿಲೆಯ ಬುದ್ಧಿಯೇ ಅದು. ಡಾಕ್ಟರ ಮುಂದೆ ಕೂತಾಗ ಜ್ವರ ಇಳಿದಿರುತ್ತದೆ.

ಇನ್ನು ದುಡ್ಡು ಸುರಿಯೋದು ಬೇಡ ಅಂತ ಮೊಬೈಲಿನಲ್ಲಿ ಬರೆದಿಡಲು ಶುರು ಮಾಡಿದೆ. ಯಾವಾಗ ನಿಂತಿತು, ಯಾವಾಗ ಬಂತು, ಆಗ ನಾನು ಏನು ಮಾಡಿದ್ದೆ. ಮೂರು ವಾರದ ಪಟ್ಟಿ ಓದಿದರೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ವಾಲ್ಯೂಮ್ ಜಾಸ್ತಿ ಮಾಡಿದ್ದಕ್ಕೂ, ಬಿಸಿಲಿಗೂ, ಮಳೆಗೂ ಸಂಬಂಧವಿಲ್ಲ. ಸ್ಪೀಕರ್ ಸತ್ತು ಬದುಕೋದು ಬಾಗಿಲು ತೆಗೆದು ಹಾಕಿದಾಗ ಅಥವಾ ಕಾರು ಜೋರಾಗಿ ಕುಲುಕಿದಾಗ.

ಆದರೂ ಸೆಟ್ ಮೇಲಿನ ಅನುಮಾನ ತೀರಬೇಕಿತ್ತಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿ, ಸೆಟ್ ಹೊರಗೆ ಎಳೆದೆ. ಹೊರಗಿನಿಂದ ಕೊಂಡು ಹಾಕಿಸುವ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಬಿಳಿ ವೈರು ಮುಂದಿನ ಎಡ ಸ್ಪೀಕರಿಗೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಅದು ಮೈನಸ್. ಈ ಲೆಕ್ಕ ಸೆಟ್‌ನ ಕಪ್ಲರ್ (ವೈರುಗಳನ್ನು ಸೇರಿಸುವ ಪ್ಲಗ್) ತನಕ ಮಾತ್ರ. ಅಲ್ಲಿಂದಾಚೆ ಕಾರಿನ ವೈರಿಂಗ್ ಬಣ್ಣ ಕಂಪನಿಗೊಂದು ಥರ. ನಾನು ಬಿಳಿ ಜೋಡಿಯನ್ನೂ ಬೂದು ಜೋಡಿಯನ್ನೂ ಅದಲು ಬದಲು ಮಾಡಿದೆ. ತೊಂದರೆ ಎಡಗಡೆ ಬಾಗಿಲಿಗೆ ಹೋದರೆ ಸೆಟ್ ಕಳ್ಳ. ಬಲಗಡೆಯೇ ಉಳಿದರೆ ಕಳ್ಳ ಬಾಗಿಲ ಕಡೆ ಇದ್ದಾನೆ. ಎರಡು ದಿನ ಆಫೀಸಿಗೆ ಹಾಗೇ ಓಡಾಡಿದೆ. ಬಲಗಡೆಯದೇ ನಿಂತಿತು. ಖರ್ಚು ಸೊನ್ನೆ. ಹೊಸ ಸ್ಪೀಕರ್ ಕೊಳ್ಳುವ ಮುಂಚೆಯೇ ಇದನ್ನು ಮಾಡಿದ್ದರೆ ಅನ್ನೋ ಹೊಟ್ಟೆಯುರಿ ಈಗಲೂ ಇದೆ.

ಭಾನುವಾರ ಬೆಳಿಗ್ಗೆ ಸೆಟ್ ಕಡೆಯ ಕಪ್ಲರ್ ಬಿಚ್ಚಿ, ಬಲ ಸ್ಪೀಕರಿನ ಎರಡು ವೈರಿಗೆ ಮಲ್ಟಿಮೀಟರ್ ಹಿಡಿದೆ. 4 ಓಮ್ (ಕರೆಂಟಿಗೆ ಇರುವ ತಡೆಯ ಅಳತೆ) ಅಂತ ಬರೆದಿರುವ ಸ್ಪೀಕರ್ ಮೀಟರಿನಲ್ಲಿ ಸ್ವಲ್ಪ ಕಡಿಮೆ ತೋರಿಸುತ್ತದೆ, ಅದು ಸಹಜ. ನನ್ನದು 3.6 ತೋರಿಸಿತು. ಮಗಳನ್ನು ಕರೆದು, "ಬಾಗಿಲು ನಿಧಾನಕ್ಕೆ ತೆಗಿ, ನಿಧಾನಕ್ಕೆ ಹಾಕು" ಅಂದೆ. ಅರ್ಧ ತೆಗೆದಾಗ 3.6 ಹೋಗಿ 9 ಆಯ್ತು, ಆಮೇಲೆ 40, ಆಮೇಲೆ ಏನೂ ಇಲ್ಲ, ಅಂದರೆ ದಾರಿಯೇ ಕಡಿದಿತ್ತು. ಪೂರ್ತಿ ತೆಗೆದಾಗ ಮತ್ತೆ 3.6. ಸಿಕ್ಕಿಬಿದ್ದ!

ನಂತರ ಮೀಟರನ್ನು ಬೀಪ್‌ಗೆ ಹಾಕಿ (ಎರಡು ತುದಿಗೂ ನಡುವೆ ಕರೆಂಟಿಗೆ ದಾರಿ ಇದ್ದರೆ ಸದ್ದು ಮಾಡುತ್ತದೆ), ಒಂದು ತುದಿ ಸ್ಪೀಕರಿನ ಪ್ಲಸ್ ವೈರಿಗೆ, ಇನ್ನೊಂದು ಕಾರಿನ ಬಾಡಿಯ ತಗಡಿಗೆ ಹಿಡಿದೆ. ಇಲ್ಲಿ ಯಾವತ್ತೂ ಬೀಪ್ ಬರಬಾರದು. "ಅಪ್ಪಾ, ಇನ್ನೂ ಎಷ್ಟ್ ಸಲ ತೆಗೀಬೇಕು?" ಅಂತ ಅವಳು ಕೇಳುವ ಹೊತ್ತಿಗೆ, ಬಾಗಿಲು ಒಂದು ಕೋನದಲ್ಲಿದ್ದಾಗ, ಒಂದೇ ಒಂದು ಸಲ "ಪೀಂ" ಅಂತು.

ಆಗ ಎರಡನೇ ತೊಂದರೆಯೂ ಅರ್ಥವಾಯಿತು. ಈ ಸೆಟ್‌ಗಳಲ್ಲಿ ಸ್ಪೀಕರಿನ ಮೈನಸ್ ವೈರು ಕಾರಿನ ಬಾಡಿಗೆ ಸೇರಿರುವುದಿಲ್ಲ. ಸೆಟ್ ಆನ್ ಇದ್ದಾಗ ಪ್ಲಸ್, ಮೈನಸ್ ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು, ಅಂದರೆ ಸುಮಾರು 6 ವೋಲ್ಟ್ ನಿಂತಿರುತ್ತದೆ. ಯಾವುದೇ ಒಂದು ವೈರು ಬಾಡಿಗೆ ತಾಗಿದರೂ ಒಳಗೆ ಸದ್ದನ್ನು ದೊಡ್ಡದು ಮಾಡುವ ಐಸಿ (ಚಿಪ್) ಸುಟ್ಟುಹೋಗದಿರಲು ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ. ನಮ್ಮ ಸೆಟ್‌ನಲ್ಲಿ ನಾಲ್ಕೂ ಸ್ಪೀಕರ್ ನಿಲ್ಲುತ್ತಿದ್ದದ್ದು ಅದಕ್ಕೇ. ವೈರಿನ ಎಳೆ ಬಿಟ್ಟುಕೊಂಡರೆ ಒಂದು ಸ್ಪೀಕರ್ ಬಂದ್, ಬಾಡಿಗೆ ತಾಗಿದರೆ ಎಲ್ಲವೂ ಬಂದ್. ಒಂದೇ ವೈರಿನ ಎರಡು ವೇಷ.

ಈಗ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಗಡೆಯ ಹೊದಿಕೆ, ಬಿಚ್ಚಬೇಕು. ಗಾಜಿನ ಹ್ಯಾಂಡಲ್ ಮೊದಲ ಸಲ ಬಿಚ್ಚುವವರು ಸ್ಕ್ರೂ ಹುಡುಕುತ್ತಾ ಕೂರುತ್ತಾರೆ. ಇಂಥ ಹಳೇ ಹ್ಯಾಂಡಲ್‌ಗಳಲ್ಲಿ ಎಷ್ಟೋ ಸಲ ಸ್ಕ್ರೂ ಇರುವುದಿಲ್ಲ. ಹಿಂದೆ ಕುದುರೆ ಲಾಳದ ಆಕಾರದ ಪುಟ್ಟ ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಒಂದು ಹಳೇ ಪಂಚೆಯ ತುಂಡನ್ನು ಹ್ಯಾಂಡಲ್ಲಿಗೂ ಪ್ಯಾಡಿಗೂ ನಡುವೆ ತೂರಿಸಿ, ಬೂಟ್ ಪಾಲಿಶ್ ಮಾಡುವ ಹಾಗೆ ಆ ಕಡೆ ಈ ಕಡೆ ಎಳೆಯಬೇಕು. ಬಟ್ಟೆಯ ಎಳೆಗೆ ಕ್ಲಿಪ್ಪಿನ ತುದಿ ಸಿಕ್ಕಿಕೊಂಡು ಚಿಮ್ಮಿ ಬರುತ್ತದೆ. ನನ್ನದು ಚಿಮ್ಮಿ ಪಕ್ಕದ ಮನೆಯ ಕ್ರೋಟನ್ ಗಿಡದೊಳಗೆ ಹೋಯಿತು. ಪಂಚೆಯ ಇನ್ನೊಂದು ತುದಿಯನ್ನು ಮೇಲೆ ಮುಚ್ಚಿಕೊಂಡು ಎಳೆಯಿರಿ.

ಪ್ಯಾಡ್ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅದನ್ನು ಹರಿಯಬೇಡಿ. ಮಳೆನೀರು ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಅದು ಒಳಗಡೆ ಕಾಲಡಿಗೆ ಬರದಂತೆ ತಡೆಯೋದು ಈ ಹಾಳೆ.

ಬಾಗಿಲಿಗೂ ಕಾರಿಗೂ ನಡುವೆ, ಕೀಲುಗಳ ಹತ್ತಿರ, ಆನೆ ಸೊಂಡಿಲಿನ ಹಾಗೆ ಒಂದು ರಬ್ಬರ್ ಕೊಳವೆ ಇದೆ. ಅದರ ಒಂದು ತುದಿ ಬಿಡಿಸಿ ಹಿಂದಕ್ಕೆ ಮಡಚಿದೆ. ಒಳಗೆ ಸ್ಪೀಕರಿನ ಎರಡು ವೈರು, ಆಮೇಲೆ ಹಾಕಿಸಿದ ಸೆಂಟರ್ ಲಾಕ್‌ನ ವೈರುಗಳು. ಸ್ಪೀಕರಿನ ಪ್ಲಸ್ ವೈರು ಮಡಚುವ ಜಾಗದಲ್ಲಿ ಸಿಪ್ಪೆ ಸುಲಿದು, ತಾಮ್ರ ಹಸಿರುಗಪ್ಪಾಗಿತ್ತು. ಹೆಚ್ಚಿನ ಎಳೆಗಳು ತುಂಡಾಗಿ, ಎರಡೋ ಮೂರೋ ಎಳೆ ಮಾತ್ರ ಹಿಡಿದುಕೊಂಡಿದ್ದವು. ಬರಿ ತಾಮ್ರ ಬಾಗಿಲ ತೂತಿನ ತಗಡಿನ ಅಂಚಿಗೆ ಮುತ್ತಿಡೋ ಹಾಗಿತ್ತು. ಡ್ರೈವರ್ ಬಾಗಿಲು ದಿನಕ್ಕೆ ಆರು ಸಲ ತೆಗೆದರೂ 18 ವರ್ಷಕ್ಕೆ 39,000 ದಾಟುತ್ತದೆ. ಪಾಪ, ಎಷ್ಟು ಅಂತ ಬಾಗುತ್ತದೆ? ಸ್ಪೀಕರ್ ಬದಲಿಸಿದಾಗ ಹತ್ತು ದಿನ ಸರಿಹೋಗಿದ್ದಕ್ಕೂ ಉತ್ತರ ಸಿಕ್ಕಿತು. ಬಿಚ್ಚಿ ಹಾಕುವಾಗ ವೈರು ಎಳೆದಾಡಿ, ಎಳೆಗಳು ಮತ್ತೆ ಸೇರಿಕೊಂಡಿದ್ದವು, ಅಷ್ಟೆ.

ರಿಪೇರಿಯಲ್ಲಿ ಒಂದೇ ಹಟ ಇಟ್ಟುಕೊಂಡೆ. ಜಾಯಿಂಟ್ ಮಡಚುವ ಜಾಗದಲ್ಲಿ ಬರಬಾರದು. ಬೆಸುಗೆ ಹಾಕಿದ ಕಡೆ ತಾಮ್ರ ಗಡುಸಾಗುತ್ತದೆ, ಅದರ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ. ಹಾಗಾಗಿ ಕೊಳವೆಯ ಉದ್ದಕ್ಕೂ ಹಳೇ ವೈರು ತೆಗೆದು, ಸಣ್ಣ ಎಳೆಗಳು ಜಾಸ್ತಿ ಇರುವ 0.75 ಚದರ ಮಿಮೀ ಮೆತ್ತನೆ ತಾಮ್ರದ ವೈರನ್ನು ಸೋಪಿನ ನೀರು ಹಚ್ಚಿ ತೂರಿಸಿದೆ. ಒಂದು ಜಾಯಿಂಟ್ ಬಾಗಿಲೊಳಗೆ, ಇನ್ನೊಂದು ಡ್ಯಾಶ್‌ಬೋರ್ಡ್ ಕೆಳಗೆ. ಎಸ್.ಪಿ. ರಸ್ತೆಯಿಂದ ತಂದಿದ್ದ ಹೀಟ್ ಶ್ರಿಂಕ್ ಟ್ಯೂಬನ್ನು (ಬಿಸಿಗೆ ಕುಗ್ಗಿ ಜಾಯಿಂಟನ್ನು ಮುಚ್ಚುವ ಕೊಳವೆ) ಬೆಸುಗೆಗೆ ಮುಂಚೆಯೇ ವೈರಿಗೆ ಪೋಣಿಸಬೇಕು. ನಾನು ಮರೆತು ಒಂದು ಜಾಯಿಂಟನ್ನು ಎರಡು ಸಲ ಮಾಡಿದೆ. ಮೈನಸ್ ವೈರು ನೋಡೋಕೆ ಚೆನ್ನಾಗಿತ್ತು, ಆದರೂ ಬದಲಿಸಿದೆ. ಅದೂ ಅಷ್ಟೇ ಸಲ ಬಾಗಿದೆ ಅಲ್ವಾ?

ಮತ್ತೆ ಮೀಟರ್, ಮತ್ತೆ ಮಗಳು. ಇಪ್ಪತ್ತು ಸಲ ಬಾಗಿಲು ತೆಗೆದು ಹಾಕಿದರೂ 3.6 ಅಲ್ಲಾಡಲಿಲ್ಲ, ಬಾಡಿಗೆ ಬೀಪ್ ಬರಲಿಲ್ಲ. ಆಮೇಲೆ ಪ್ಯಾಡ್ ಹಾಕಿದೆ.

ಬಿಚ್ಚಿಟ್ಟಿದ್ದ ಹಳೇ ಸ್ಪೀಕರಿಗೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಮುಟ್ಟಿಸಿ ನೋಡಿದೆ. "ಪಟ್" ಅಂತ ಸದ್ದು ಮಾಡಿ ಕೋನ್ ಮುಂದೆ ಬಂತು. ಅದಕ್ಕೆ ಏನೂ ಆಗಿರಲಿಲ್ಲ. ಎಡಗಡೆ ಬಾಗಿಲಿನ ಕೊಳವೆಯನ್ನೂ ಮಡಚಿ ನೋಡಿದ್ದೇನೆ. ಸಿಪ್ಪೆ ಗಟ್ಟಿಯಾಗಿದೆ, ಬಿರುಕು ಬಿಟ್ಟಿಲ್ಲ. ಉಳಿದ ವೈರನ್ನು ಅದಕ್ಕೆ ಅಂತಲೇ ಡಿಕ್ಕಿಯಲ್ಲಿ ಸುತ್ತಿಟ್ಟಿದ್ದೇನೆ.